ಮೇಕೆಯ ದನಿ

ಪುಟ್ಟೀ,

ಅತ್ಯಂತ ಗಂಭೀರವಾದ ವಿಷಯ, ಕೂತುಕೊಂಡು ಓದು: ನಮ್ಮ ವಿಡಿಯೋ ಗೇಮಿನ ಮೇಕೆಗೆ ದನಿ ಹೋಗಿದೆ.

ಕಾಲೇಜು ಮುಚ್ಚಿದ ಮೇಲೆ ನಾಲ್ಕು ತಿಂಗಳು ಈ ಊಟದ ಮೇಜಿನ ಮೇಲೆಯೇ ಅದಕ್ಕೆ ನಡೆಯುವುದು, ನೆಗೆಯುವುದು, ಗೋಡೆಗೆ ಗುದ್ದುವುದನ್ನೆಲ್ಲ ಕಲಿಸಿದವಳು ನಾನು. ನೀನು ಹಿಂದಿನಿಂದ ಬಂದು ಒಂದೇ ಒಂದು ಸಲ "ಮ್ಯಾ" ಅಂದೆ, ಅದೇ ರೆಕಾರ್ಡ್ ಆಗಿ ಮೇಕೆಯ ದನಿಯಾಯಿತು. ಅವತ್ತಿನಿಂದ ನನ್ನ ಟೀಮಿನವರು ಕಾಲ್‌ಗೆ ಬಂದ ಕೂಡಲೇ "ನಿನ್ ತಂಗಿ ಇಲ್ವೇನೇ?" ಅನ್ನುತ್ತಾರೆ. ಹೊಟ್ಟೆ ಉರಿಯದೆ ಇನ್ನೇನಾದೀತು? ನಿನ್ನೆ ನಿನ್ನ ದನಿ ಅಳಿಸಿ ನನ್ನದನ್ನು ಹಾಕಿದೆ. ಕೇಳಿದವನೊಬ್ಬ, "ಅಯ್ಯೋ, ಮೇಕೆಗೂ ಕೊರೋನಾ ಬಂತಾ? ಟೆಸ್ಟ್ ಮಾಡಿಸ್ರೋ!" ಅಂದ. ನಿನ್ನ ಹಳೆಯ ದನಿ ಈಗ ಹುಡುಕಿದರೂ ಸಿಗುತ್ತಿಲ್ಲ.

ನಾನು ಲಸಿಕೆಯ ಸಾಲಿಗೆ ಹೊರಟೆ. ಇವತ್ತು ಎರಡು ಗಂಟೆಗೆ ಈ ಗೇಮು ಕಾಲೇಜಿನ ಮೇಷ್ಟ್ರ ಕೈ ಸೇರಬೇಕು. ಹನ್ನೊಂದಕ್ಕೆ ಫ್ಯಾನ್ ಆರಿಸಿ, ಇನ್ನೊಂದು ಸಲ "ಮ್ಯಾ" ಅಂತ ಕೂಗಿ, ರೆಕಾರ್ಡ್ ಮಾಡಿ ಟೀಮಿಗೆ ಕಳಿಸು, ದಮ್ಮಯ್ಯ. ಅದನ್ನು ಅವರು ಗೇಮಿಗೆ ಸೇರಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಮಿಕ್ಸಿ ಹಾಕಬೇಡ ಎಂದು ಅಮ್ಮನಿಗೆ ಹೇಳಿದ್ದೇನೆ. ಜಂಬ ಮಾತ್ರ ತೋರಿಸಬೇಡ, ಸಹಿಸುವ ಶಕ್ತಿ ನನಗಿಲ್ಲ.

ಗೇಮ್ ಮುಗಿದಾಗ ಬರುವ, ಅದನ್ನು ಮಾಡಿದವರ ಪಟ್ಟಿಯಲ್ಲಿ ಮೊದಲು ನಿನ್ನ ಹೆಸರಿದೆ, ಅದರ ಕೆಳಗೆ ನನ್ನದು.

ಅಕ್ಕ