ಎಡಗೆನ್ನೆಯ ಡಬ್ಬಿ, ಬಲಗೆನ್ನೆಯ ಡಬ್ಬಿ

ಗುರುವಾರ, ಸಂಜೆ

ಅಕ್ಕನಿಗೆ, ಸಿಟ್ಟಿದ್ದರೂ ಪ್ರೀತಿಯಿಂದಲೇ,

ಫೋನಿನಲ್ಲಾದರೆ ನೀನು ನಗುತ್ತೀಯ, ನಾನು ಕಿರುಚುತ್ತೇನೆ. ಅದಕ್ಕೇ ಈ ಪತ್ರ, ಇವತ್ತೇ ಆಟೋದವನ ಕೈಲಿ.

ನಿನಗೂ ನಿನ್ನ ಹೊಲಿಗೆ ತರಗತಿಯ ಹೆಂಗಸರಿಗೂ ತಲಾ ಎರಡು ಡಬ್ಬಿ ಕೊಟ್ಟಿದ್ದೆ. ಒಂದರಲ್ಲಿ ನಾನು ಜ್ಯೇಷ್ಠಮಧುವಿನ ಬೇರಿನಿಂದ ತೆಗೆದ ಸಾರವಿರುವ ಕ್ರೀಮು, ಇನ್ನೊಂದರಲ್ಲಿ ಬರೀ ಕ್ರೀಮು. ಬೇರಿನದು ಎಡಗೆನ್ನೆಗೆ, ಬರೀ ಕ್ರೀಮು ಬಲಗೆನ್ನೆಗೆ, ನಡುವೆ ಮೂಗೇ ಗಡಿ. ಬಿಸಿಲಿನ ಕಲೆಯನ್ನು ತಿಳಿಯಾಗಿಸಿದ್ದು ಬೇರೋ ಅಲ್ಲವೋ ಎಂದು ಗೊತ್ತಾಗುವುದು ಹಾಗೆಯೇ. ಗಡಿ ದಾಟಬೇಡಿ ಎಂದು ಕೈಮುಗಿದು ಹೇಳಿದ್ದೆ.

ನಿನ್ನೆ ಲ್ಯಾಬಿನಲ್ಲಿ ಎಲ್ಲರ ಮುಖ ಅಳೆದೆವು. ಕಲೆಗಳೇನೋ ತಿಳಿಯಾಗಿವೆ, ಆದರೆ ಎರಡೂ ಕೆನ್ನೆಯಲ್ಲಿ ಒಂದೇ ಸಮ! ಮ್ಯಾನೇಜರ್ ಕನ್ನಡಕ ತೆಗೆದು, "ಬರೀ ಕ್ರೀಮಿಗೇ ಇಷ್ಟಾಗುತ್ತಲ್ಲ ಮೇಡಂ, ಮತ್ತೆ ನಿಮ್ಮ ಬೇರು ಯಾಕೆ? ಸೋಮವಾರದಿಂದ ಈ ಕೆಲಸ ನಿಲ್ಸಿಬಿಡಿ" ಎಂದರು. ವರ್ಷಗಟ್ಟಲೆ ಆ ಬೇರನ್ನು ನೆನೆಸಿ, ಸೋಸಿ, ಉಗುರೆಲ್ಲ ಹಳದಿ ಮಾಡಿಕೊಂಡವಳು ನಾನು! ಎದ್ದು ಹೊರಗೆ ಬಂದೆ.

ಮೆಟ್ಟಿಲ ಬಳಿ ನಿನ್ನ ಶಿಷ್ಯೆ, ಆ ಮಾತಿನಮಲ್ಲಿ, ಸಿಕ್ಕಿ ನಿನ್ನ ಗುಟ್ಟೆಲ್ಲ ಹೇಳಿಬಿಟ್ಟಳು. "ಒಂದು ಕೆನ್ನೆಗೆ ಹಾಕಿ ಇನ್ನೊಂದನ್ನ ಬಿಡೋದು ಅನ್ಯಾಯ ಕಣ್ರೇ! ಅರ್ಧ ಮುಖ ಹೊತ್ಕೊಂಡು ಹೊರಗೆ ಹೋಗೋಕಾಗುತ್ತಾ?" ಎಂದು ನೀನು ಎರಡೂ ಡಬ್ಬಿಯನ್ನು ಊಟದ ಚಮಚದಲ್ಲಿ ಕಲಸಿದೆಯಂತೆ. ಎಲ್ಲರಿಗೂ ಕಲಸುವುದನ್ನು ಕಲಿಸಿದೆಯಂತೆ!

ನಿನ್ನ ನ್ಯಾಯಬುದ್ಧಿಗೆ ಏನು ಹೇಳಲಿ, ಅಕ್ಕಾ? ಚಿಕ್ಕಂದಿನಲ್ಲಿ ಬಿಸ್ಕತ್ತು ಮುರಿದು, ಎರಡು ತುಂಡನ್ನೂ ಸಮ ಮಾಡುತ್ತೇನೆಂದು ದೊಡ್ಡದನ್ನು ಕಚ್ಚಿ ಕಚ್ಚಿ ನೀನೇ ಮುಗಿಸುತ್ತಿದ್ದೆ. ಈಗ ನನ್ನ ಸಂಶೋಧನೆಯನ್ನೂ ಹಾಗೇ ಮುಗಿಸಿದ್ದೀಯ.

ನಾಳೆ, ನಾಡಿದ್ದರಲ್ಲಿ ಬಂದು ನಡೆದದ್ದನ್ನು ಮ್ಯಾನೇಜರ್ ಎದುರು ನೀನೇ ಹೇಳು. ನಾನು ಹೇಳಿದರೆ ನೆಪ ಅನ್ನುತ್ತಾರೆ. ಮರುಪರೀಕ್ಷೆಗೆ ಒಪ್ಪಿದರೆ ನನ್ನ ಬೇರು ಬದುಕುತ್ತದೆ. ದಯವಿಟ್ಟು ಅಲ್ಲಿ ನಗಬೇಡ.

ತಲೆ ಕೆಟ್ಟುಹೋದ ನಿನ್ನ
ತಂಗಿ

ತಾ.ಕ.: ಇನ್ನು ಯಾರನ್ನೂ ನಂಬುವುದು ಬೇಡವೆಂದು ನಿನ್ನೆ ನಾನೇ ಎರಡು ಡಬ್ಬಿ ಮನೆಗೆ ತಂದೆ. ಇವತ್ತು ಬೆಳಗ್ಗೆ ಬಲಗೆನ್ನೆಗೆ ಬರೀ ಕ್ರೀಮು ತಿಕ್ಕುವಾಗ ಕನ್ನಡಿಯಲ್ಲಿ ಅದರ ಕಲೆ ಕಂಡು ಪಾಪ ಅನ್ನಿಸಿತು. ಬೆರಳು ತಾನಾಗಿಯೇ ಎಡಗೆನ್ನೆಯ ಡಬ್ಬಿಗೆ ಹೋಯಿತು. ಮರುಪರೀಕ್ಷೆ ಸಿಕ್ಕರೆ ಅದಕ್ಕೆ ನಮ್ಮಿಬ್ಬರ ಮುಖವೂ ಬೇಡ.