ಅಣ್ಣನ ಮೆದುಳಿನಲ್ಲಿ ಕಂಡದ್ದು

ಭಾನುವಾರ, ಹದಿನಾಲ್ಕನೇ ತಾರೀಕು
ಬೆಳಿಗ್ಗೆ ಹತ್ತೂವರೆ

ನನ್ನ ಚಿಗರೆಗೆ,

ಹೇಗಿದ್ದೀಯ ಅಂತ ಕೇಳಿ ಕಾಗದ ಶುರು ಮಾಡೋಣ ಅಂದರೆ, ಎಂಟು ತಿಂಗಳು ಬಾಯಿ ಹೊಲಿದುಕೊಂಡು ಕೂತವಳಿಗೆ ಆ ಮಾತೇ ಹೊರಡುತ್ತಿಲ್ಲ. ತಡವಾಯಿತು, ಕ್ಷಮಿಸು. ಮೂರು ಸಲ ಬರೆದು ಹರಿದೆ. ಫೋನಾದರೆ ನೀನು ಎತ್ತುವುದಿಲ್ಲ, ಎತ್ತಿದರೂ ನಾನು ತಡವರಿಸುತ್ತೀನಿ. ಕಾಗದವನ್ನಾದರೆ ಸಿಟ್ಟು ಬಂದಾಗ ಮೂಲೆಗೆ ಬಿಸಾಕಬಹುದು, ಸಿಟ್ಟು ಇಳಿದ ಮೇಲೆ ಹೋಗಿ ಎತ್ತಿಕೊಳ್ಳಬಹುದು. ಹಾಗೇ ಮಾಡು. ಆದರೆ ಪೂರ್ತಿ ಓದು.

ನನ್ನ ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ. ಲ್ಯಾಬಿನ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತೆ; ಒಳಗಿರೋ ಹುಡುಗಿಯರು ಆ ಸದ್ದಿಗೇ ಫೋನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕೂರುತ್ತಾರೆ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದರು. "ಮತ್ತೆ ಬಾಕ್ಸಿಂಗ್ ರಿಂಗಿಗೆ ಇಳಿದಿದ್ದಾಳೆ, ಮುಂದಿನ ತಿಂಗಳು ಆಯ್ಕೆ ಪಂದ್ಯ ಅಂತೆ. ಅವಳಿಗೆ ನಾನು ಹೇಳೋದು ಗೋಡೆಗೆ ಹೇಳಿದ ಹಾಗೆ. ನಿಮ್ಮ ಹೆಸರೆತ್ತಿದ್ರೆ ಎದ್ದೇ ಹೋಗ್ತಾಳೆ" ಅಂದರು. ಎದ್ದು ಹೋಗೋದಕ್ಕೆ ನಿನಗೆ ಕಾರಣ ಇದೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಅಷ್ಟು ಜನರ ಮುಂದೆ, ನೀನು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನಮ್ಮಪ್ಪನ್ನ ಸುಡೋ ಮೊದಲೇ ಕೊಯ್ದು ಡಬ್ಬಿಗೆ ಹಾಕ್ಕೊಂಡ್ರಲ್ಲ ಅತ್ತೆ, ನಿಮಗೆ ಅಣ್ಣನಾ, ಸ್ಯಾಂಪಲ್ಲಾ?"

ಅದಕ್ಕೆ ಉತ್ತರ ಈಗ ಕೊಡುತ್ತೀನಿ.

ಸತ್ತ ಮೇಲೆ ಮೆದುಳನ್ನ ನಮ್ಮ ಲ್ಯಾಬಿಗೆ ಕೊಡಬೇಕು ಅಂದದ್ದು ನಾನಲ್ಲ, ಅವನೇ. ಮೂರು ವರ್ಷದ ಹಿಂದೆ, ಇನ್ನೂ ತನ್ನ ನಿರ್ಧಾರ ತಾನೇ ಮಾಡೋ ಹಾಗಿದ್ದಾಗ, ಮಾಮೂಲಿನಂತೆ ಹೇಳದೆ ಕೇಳದೆ ಲ್ಯಾಬಿಗೆ ಬಂದ. ಬಾಕ್ಸಿಂಗ್ ಕ್ಲಬ್ಬಿನ ಅದೇ ನೀಲಿ ಜರ್ಕಿನ್ನು. ನಮ್ಮ ದೊಡ್ಡ ಮೇಡಂ ಮುಂದೆ ಕೂತು ಫಾರಂ ಕೇಳಿದ. ಅವರು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ನಾನು, "ಅಣ್ಣ, ಮನೇಲಿ ಕೇಳಿ ಮಾಡು" ಅಂದೆ. "ಮುವ್ವತ್ತು ವರ್ಷ ರಿಂಗಲ್ಲಿ ಊರಿನವರ ಹತ್ರ ಎಲ್ಲ ಹೊಡೆಸಿಕೊಂಡ ತಲೆ ಇದು. ಅದನ್ನೇನು ಮನೇಲಿ ಕೇಳಿ ಹೊಡೆಸಿಕೊಂಡ್ನಾ?" ಅಂತ ನಕ್ಕ. ಆಮೇಲೆ ನಗು ನಿಲ್ಲಿಸಿ, "ಒಳಗೆ ಏನೋ ಕೆಡ್ತಾ ಇದೆ ಕಣೆ. ಏನು ಅಂತ ನನಗೆ ಗೊತ್ತಾಗಲ್ಲ. ಮಗಳಿಗಾದ್ರೂ ಗೊತ್ತಾಗ್ಲಿ" ಅಂದ. ನಿನಗೆ ಹೇಳಬೇಡ ಅಂತ ಭಾಷೆ ತೆಗೆದುಕೊಂಡ. ಹಾಗಾಗಿ ನಿನಗೆ ಗೊತ್ತಾಗಿದ್ದು ಶವದ ಪಕ್ಕದಲ್ಲಿ. ಅದು ನಮ್ಮಿಬ್ಬರ ತಪ್ಪು.

ಅವನು ಆಮೇಲೆ ಏನಾದ ಅಂತ ನಿನಗೆ ನಾನು ಹೇಳಬೇಕಿಲ್ಲ. ಬೀಗದ ಕೈ ಸಿಗಲಿಲ್ಲ ಅಂತ ನಿಮ್ಮಮ್ಮನ ಮೇಲೆ ಕೈ ಎತ್ತಿದ. ನೀನು ಫೈನಲ್ ಗೆದ್ದ ದಿನ ಎಲ್ಲರ ಮುಂದೆ ಎದ್ದು ನಿಂತು, "ಮೋಸ! ಈ ಹುಡುಗಿ ಮೋಸ ಮಾಡಿದ್ದಾಳೆ!" ಅಂತ ಕಿರುಚಿದ. ನೀನು ಪದಕ ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಹಿಡಿದು ಆಚೆ ಹೋದೆ. ಅಲ್ಲಿಂದ ಅವನು ಸಾಯೋವರೆಗೆ, ಏಳು ತಿಂಗಳು, ಅಪ್ಪ-ಮಗಳ ನಡುವೆ ಮಾತಿಲ್ಲ. "ಕುಡಿದ್ರೂ ಹೀಗೆ ಆಡ್ತಿರಲಿಲ್ಲ. ಇದು ಅವರ ನಿಜವಾದ ಬಣ್ಣ" ಅಂದಿದ್ದೆ ನನ್ನ ಹತ್ತಿರ.

ಅದು ಅವನ ಬಣ್ಣ ಅಲ್ಲ ಮಗಳೇ. ಇದೊಂದು ಮಾತು ಹೇಳೋದಕ್ಕೇ ನಾನು ಪೆನ್ನು ಹಿಡಿದದ್ದು.

ನನ್ನ ಕೆಲಸ ಏನು ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ನಾನು "ದೊಡ್ಡ ಮಿಕ್ಸಿ ತಿರುಗಿಸ್ತೀನಿ" ಅಂತ ತಮಾಷೆ ಮಾಡುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೀನಿ. ಮೆದುಳಿನಲ್ಲಿ ಕಾವಲು ಕಾಯೋ ಕೋಶಗಳಿವೆ. ಪೆಟ್ಟು ಬಿದ್ದರೆ ಓಡಿ ಬರುತ್ತವೆ, ಮುರಿದದ್ದನ್ನ ಗುಡಿಸುತ್ತವೆ, ಆಮೇಲೆ ತಣ್ಣಗಾಗುತ್ತವೆ. ಆದರೆ ವರ್ಷಗಟ್ಟಲೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಅವು ತಣ್ಣಗಾಗೋದನ್ನೇ ಮರೆಯುತ್ತವೆ. ಸದಾ ಕೆರಳಿಕೊಂಡೇ ಇರುತ್ತವೆ. ಇದನ್ನೇ ನಾವು ಮೆದುಳಿನ ಉರಿಯೂತ ಅನ್ನೋದು. ಜ್ವರ ಬರಲ್ಲ, ನೋವಾಗಲ್ಲ, ಹೊರಗಿನವರಿಗೆ ಏನೂ ಕಾಣಲ್ಲ.

ಇನ್ನೊಂದಿದೆ. ಕೋಶಗಳು ಒಂದಕ್ಕೊಂದು ಪುಟ್ಟ ಪುಟ್ಟ ಚೀಲ ಕಳಿಸುತ್ತವೆ. ಎಷ್ಟು ಪುಟ್ಟದು ಅಂದರೆ ಒಂದು ಕೂದಲಿನ ದಪ್ಪದಲ್ಲಿ ಸಾವಿರ ಚೀಲ ಸಾಲಾಗಿ ನಿಲ್ಲಬಹುದು. ಅವೇನೂ ಕೆಟ್ಟವಲ್ಲ, ಆರೋಗ್ಯವಂತರ ಮೆದುಳಿನಲ್ಲೂ ನೆರೆಹೊರೆಯ ಕೊಡು-ಕೊಳ್ಳು ಅದರಲ್ಲೇ ನಡೆಯುತ್ತೆ. ಕೆರಳಿದ ಕಾವಲು ಕೋಶ ಮಾತ್ರ, ತಾನು ನುಂಗಿ ಅರಗಿಸಿಕೊಳ್ಳಲಾಗದ ಕೆಟ್ಟ ಪ್ರೋಟೀನನ್ನ ಅದೇ ಚೀಲಕ್ಕೆ ತುಂಬಿ ಆಚೆ ಹಾಕುತ್ತೆ. ಪಕ್ಕದ ನರಕೋಶ ಎಂದಿನ ಹಾಗೆ ಒಳಗೆ ಕರೆದುಕೊಳ್ಳುತ್ತೆ. ಒಳಗೆ ಹೋದದ್ದು ಅಲ್ಲಿರೋ ಒಳ್ಳೆ ಪ್ರೋಟೀನನ್ನೂ ಕೆಡಿಸಿ ಗಂಟು ಕಟ್ಟಿಸುತ್ತೆ. ಹೀಗೆ ಒಂದು ಮನೆಯಿಂದ ಇನ್ನೊಂದು ಮನೆಗೆ. ಆ ಚೀಲಗಳನ್ನ ಬೇರೆ ಮಾಡೋ ಯಂತ್ರವೇ ನನ್ನ ಮಿಕ್ಸಿ.

ಅಣ್ಣನದನ್ನ ನನ್ನ ಕೈಗೆ ಕೊಡಲಿಲ್ಲ. "ನೀವು ಮುಟ್ಟಬೇಡಿ" ಅಂದರು ದೊಡ್ಡ ಮೇಡಂ. ಹೆಸರು ತೆಗೆದು ನಂಬರು ಹಾಕಿ, ಬೇರೆ ಹುಡುಗಿಯ ಹತ್ತಿರ ಮಾಡಿಸಿದರು. ಚೀಲಗಳನ್ನ ಬೇರ್ಪಡಿಸಿ, ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಮೇಲೆ ಹಾಕಿ ಮೂರು ವಾರ ಕಾದರು. ಕಳೆದ ತಿಂಗಳು ಒಂದು ಮಧ್ಯಾಹ್ನ ಚಿತ್ರಗಳನ್ನ ಪರದೆ ಮೇಲೆ ಹಾಕಿದರು. ಮೊದಲ ಎರಡು ತಲೆಗೆ ಪೆಟ್ಟು ತಿನ್ನದವರದು; ಗಂಟು ತೋರಿಸೋ ಹಸಿರು ಚುಕ್ಕೆ ಅಲ್ಲೊಂದು ಇಲ್ಲೊಂದು. ಮೂರನೆಯದರಲ್ಲಿ ಕಣ್ಣಿಟ್ಟಲ್ಲೆಲ್ಲ ಗಂಟು. "ಅಯ್ಯೋ ಪಾಪ, ಯಾರದಿದು? ಈ ಮನುಷ್ಯ ಹೇಗೆ ಬದುಕಿದ್ದ?" ಅಂತ ಬಾಯಿ ತಪ್ಪಿ ಅಂದೆ. ಚಿತ್ರ ತೆಗೆದಿದ್ದ ಹುಡುಗಿ ತಲೆ ತಗ್ಗಿಸಿದಳು. ದೊಡ್ಡ ಮೇಡಂ ನನ್ನ ಕಡೆ ಕುರ್ಚಿ ಎಳೆದು, "ಕೂತ್ಕೊಳ್ಳಿ" ಅಂದರು. ಕೂರೋ ಮೊದಲೇ ನನಗೆ ಗೊತ್ತಾಯಿತು.

ನಾನು ಲ್ಯಾಬಿನಲ್ಲಿ ಅತ್ತಿದ್ದು ಅದೇ ಮೊದಲು. ಆಮೇಲೆ ಮುಖ ತೊಳೆದುಕೊಂಡು ಬಂದು ವರದಿ ಓದಿದೆ. ಹೆಚ್ಚು ಹಾಳಾಗಿದ್ದು ಹಣೆಯ ಹಿಂದಿನ ಭಾಗ. ಸಿಟ್ಟಿಗೆ ಲಗಾಮು ಹಾಕೋ ಜಾಗ, ಆಡೋ ಮೊದಲು ಮಾತನ್ನ ತೂಗೋ ಜಾಗ. ಆ ದಿನ ಎದ್ದು ನಿಂತು ಕಿರುಚಿದಾಗ, ನಿಲ್ಲು ಅಂತ ಒಳಗಿನಿಂದ ಹೇಳೋರು ಅವನಿಗೆ ಯಾರೂ ಉಳಿದಿರಲಿಲ್ಲ. ಒಬ್ಬ ಮನುಷ್ಯನ ಮೆದುಳು ನೋಡಿ ಎಲ್ಲ ಗೊತ್ತಾಯಿತು ಅಂತ ನಾನು ಹೇಳಲ್ಲ. ಎಷ್ಟು ಪೆಟ್ಟಿನಿಂದ, ಎಷ್ಟು ವಯಸ್ಸಿನಿಂದ ಅಂತ ಬಿಡಿಸಿ ಹೇಳೋ ತಕ್ಕಡಿ ನಮ್ಮ ಹತ್ತಿರ ಇಲ್ಲ. ಆದರೆ ನಿನ್ನ ಗೆಲುವು ಅವನಿಗೆ ಚುಚ್ಚಿತ್ತು ಅನ್ನೋದು ಸುಳ್ಳು. ಫಾರಂಗೆ ಸಹಿ ಹಾಕಿದ ದಿನ ಅರ್ಧ ಗಂಟೆ ನಿನ್ನ ಎಡಗೈ ಹುಕ್ ಹೊಡೆತದ ಬಗ್ಗೇನೇ ಹೇಳಿ ನಮ್ಮ ಮೇಡಂ ತಲೆ ತಿಂದಿದ್ದ.

ಒಂದು ಸಮಾಧಾನದ ಸಂಗತಿ: ಕೆರಳಿದ ಕಾವಲು ಕೋಶಗಳನ್ನ ಔಷಧಿ ಹಾಕಿ ಶಾಂತ ಮಾಡಿದಾಗ ಆ ಕೆಟ್ಟ ಚೀಲಗಳು ಕಡಿಮೆಯಾದವು. ತಟ್ಟೆಯಲ್ಲಿ ಆದದ್ದು ಮನುಷ್ಯರಲ್ಲಿ ಆಗಬೇಕಾದರೆ ದಾರಿ ಬಹಳ ಉದ್ದ. ನನ್ನ ಕಾಲದಲ್ಲಿ ಮುಗಿಯುತ್ತೋ ಇಲ್ಲವೋ. ಆದರೆ ದಾರಿ ಇದೆ.

ಆಟ ಬಿಡು ಅಂತ ನಾನು ಹೇಳಲ್ಲ. ಹೇಳೋಕೆ ನಾನ್ಯಾರು? ಆದರೆ ಆಯ್ಕೆ ಪಂದ್ಯಕ್ಕೆ ಮುಂಚೆ ಒಂದು ಸಲ ನರರೋಗದ ಡಾಕ್ಟರ ಹತ್ತಿರ ಹೋಗು, ನಾನು ಜೊತೆಗೆ ಬರುತ್ತೀನಿ. ಅಭ್ಯಾಸದಲ್ಲಿ ತಲೆಗೆ ಹೊಡೆತ ತಗೋಬೇಡ. ಬಿದ್ದರೆ, ಕಣ್ಣು ಮಂಜಾದರೆ, "ಏನಿಲ್ಲ, ಏನಿಲ್ಲ" ಅಂತ ಎದ್ದು ನಿಲ್ಲಬೇಡ. ಆ "ಏನಿಲ್ಲ" ಅನ್ನೋದು ನಮ್ಮ ವಂಶದ ಕಾಯಿಲೆ. ಎಲ್ಲ ತಿಳಿದುಕೊಂಡು ನೀನು ಏನು ನಿರ್ಧಾರ ಮಾಡಿದರೂ ನಾನು ನಿನ್ನ ಕಡೆ.

ನಿಮ್ಮಮ್ಮನ್ನ ಬೈಯಬೇಡ, ಊಟ ಬಿಡಬೇಡ. ನಿನ್ನ ಕಾಲಿನ ಚುರುಕು, ಕಣ್ಣಿನ ಬೆಳಕು, ತಲೆಯ ತಿಳಿ ನೂರು ವರ್ಷ ಹೀಗೇ ಇರಲಿ ಅಂತ ಹರಸುವ,

ನಿನ್ನ ಅತ್ತೆ

ಮರೆತ ಮಾತು: ಮರೆತಿರಲಿಲ್ಲ, ಬರೆಯೋ ಧೈರ್ಯ ಈಗ ಬಂತು. "ಅಪ್ಪನ ಜೊತೆ ರಿಂಗಲ್ಲಿ ಆಡ್ತಿದ್ನಲ್ಲ, ಅವರ ಮರೆವು ನನ್ನ ಗುದ್ದಿನಿಂದಲೂ ಆಗಿರಬಹುದಾ?" ಅಂತ ನೀನು ನಿಮ್ಮಮ್ಮನ್ನ ಕೇಳಿದೆಯಂತೆ. ಇಲ್ಲ. ನೀನು ಹುಟ್ಟೋ ಮೊದಲೇ ಆ ತಲೆ ಸಾವಿರಾರು ಪೆಟ್ಟು ತಿಂದಿತ್ತು. ನೀನು ಮಗು, ಅಪ್ಪ ಕಲಿಸಿದ, ಕಲಿತೆ. ನಿಲ್ಲಿಸಬೇಕಾದವಳು ಬೇರೆ ಇದ್ದಳು. ಆರು ವರ್ಷದ ಹಿಂದೆ ಅವನು ನನ್ನ ಮನೆಗೆ ಬಂದಿದ್ದ. ಮರೆತದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಂದಿದ್ದ: ಶಿಷ್ಯರ ಹೆಸರು, ಮನೆ ದಾರಿ, ನಿನ್ನ ಹುಟ್ಟಿದ ದಿನ. "ನಿಂದು ಇದೇ ಕೆಲಸ ಅಲ್ವಾ, ನೋಡಿ ಹೇಳು. ಬೇಕಾದ್ರೆ ನಾಳೆಯಿಂದಲೇ ಗ್ಲೌಸ್ ಬಿಚ್ಚಿಡ್ತೀನಿ" ಅಂದ. ಎರಡನೇ ಸಾಲು ಓದುವಾಗಲೇ ನನಗೆ ತಿಳಿದುಹೋಗಿತ್ತು. ತಿಳಿದದ್ದನ್ನ ಒಪ್ಪಿಕೊಂಡರೆ ಅಣ್ಣ ನನ್ನ ಕಣ್ಣೆದುರೇ ರೋಗಿ ಆಗಿಬಿಡ್ತಾನೆ ಅನ್ನೋ ಭಯಕ್ಕೆ, "ವಯಸ್ಸಾಯ್ತಲ್ಲ ಅಣ್ಣ, ಎಲ್ಲರಿಗೂ ಆಗತ್ತೆ" ಅಂದೆ. "ಅಬ್ಬ, ಬದುಕಿದೆ!" ಅಂತ ನನ್ನ ತಲೆ ಸವರಿದ. ಓದಿದ ತಂಗಿ ಹೇಳಿದಳು ಅಂತ ನಂಬಿ, ಇನ್ನೂ ಎರಡು ವರ್ಷ ರಿಂಗಿನಲ್ಲಿ ನಿಂತ.