ಹಾಸಿಗೆ ಕಂಪನಿಯ ಹಿಂದೆ ನಿಂತ ಪತ್ರ

ಮನೆ, ಹೊಲಿಗೆ ಮೆಷಿನ್ನಿನ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮುದ್ದಿನ ಪಿಟೀಲು,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಹಾಸ್ಟೆಲಿನ ಅಡುಗೆಯವರ ಮೇಲಿನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತಿದ್ದೀಯಾ? ನನ್ನ ಮಂಡಿ ತನಗೆ ಇಷ್ಟ ಬಂದಾಗ ಮಾತ್ರ ಮಡಚುತ್ತದೆ. ತಾತ ಗುಂಡುಕಲ್ಲಿನ ಹಾಗಿದ್ದಾರೆ. ಪಿಟೀಲು ಎಂದದ್ದಕ್ಕೆ ಮುಖ ಊದಿಸಬೇಡ. ತೊಟ್ಟಿಲಲ್ಲಿ ಮಲಗಿ ಒಂದೇ ತಂತಿಯ ಮೇಲೆ ಗಂಟೆಗಟ್ಟಲೆ ಅತ್ತವಳಿಗೆ ಬೇರೆ ಹೆಸರು ಎಲ್ಲಿಂದ ತರಲಿ? ಫೋನ್ ಮಾಡಿದರೆ “ಕ್ಲಾಸಲ್ಲಿದ್ದೀನಿ ಅಜ್ಜಿ” ಎಂದು ಇಟ್ಟುಬಿಡುತ್ತೀ. ಭಾನುವಾರವೂ ಪಾಠ ಮಾಡುವ ಆ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ಅಮ್ಮ ಎಲ್ಲ ಹೇಳಿದಳು. ಡಾಕ್ಟರ್ ಓದು ಬಿಟ್ಟು ರೈಲು ಓಡಿಸುವ ತರಬೇತಿಗೆ ಸೇರಿದ್ದೀಯಂತೆ. ಅದನ್ನು ತಾತನಿಗೆ ಈ-ಮೇಲಿನಲ್ಲಿ ಬರೆದು “ಕೋಪ ಬಂತಾ ತಾತ?” ಎಂದು ಕೇಳಿದೆಯಂತೆ. ತಿಂಗಳಾದರೂ ಉತ್ತರವಿಲ್ಲ, ತಾತ ಮಾತು ಬಿಟ್ಟರು ಎಂದು ಅಳುತ್ತಿದ್ದೀಯಂತೆ. ಕಣ್ಣೊರೆಸಿಕೊಂಡು ಕೇಳು. ಅವರು ಅದನ್ನು ಇನ್ನೂ ಓದಿಯೇ ಇಲ್ಲ. ನಿನ್ನ ಪತ್ರ ಹಾಸಿಗೆ ಕಂಪನಿಯ ಹಿಂದೆ ಸಾಲಿನಲ್ಲಿ ನಿಂತಿದೆ.

ತಪ್ಪು ಯಾರದೆಂದರೆ ನಿನ್ನದೂ ಸ್ವಲ್ಪ ಇದೆ. ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ, ಸಂಜೆ ರೈಲಿಗೆ ಚೀಲ ಹತ್ತಿಸಿದ ಮನುಷ್ಯನಿಗೆ ಇನ್‌ಬಾಕ್ಸ್ ಮಾಡಿಕೊಟ್ಟು ಹೋದವಳು ನೀನೇ ತಾನೆ? ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ, ಹಾಸಿಗೆ ಕಂಪನಿ, ಯಾರು ಕೇಳಿದರೂ ವಿಳಾಸ ಬರೆದುಕೊಟ್ಟರು. ವಿಳಾಸ ಇಲ್ಲವೆನ್ನುವುದು ಅಂಚೆಯವರಿಗೆ ಶೋಭೆಯಲ್ಲವಂತೆ. ಬಂದ ಒಂದೊಂದು ಜಾಹೀರಾತಿಗೂ ಉತ್ತರ ಬೇರೆ. “ನಮ್ಮಲ್ಲಿ ಹಾಸಿಗೆ ಈಗಾಗಲೇ ಇದೆ. ತಮ್ಮ ವ್ಯಾಪಾರ ಚೆನ್ನಾಗಿ ನಡೆಯಲಿ.” ಆ ಕಡೆ ಓದುವವರೇ ಇಲ್ಲ, ನಿಮ್ಮ ಪತ್ರ ತಲುಪಲಿಲ್ಲ ಎಂದು ಯಂತ್ರ ಬರೆಯುತ್ತದೆ. ತಿಳಿಸಿದ್ದಕ್ಕೆ ಇವರು ಅದಕ್ಕೂ ಧನ್ಯವಾದ ಬರೆಯುತ್ತಾರೆ. ಆ ಧನ್ಯವಾದವೂ ತಲುಪಲಿಲ್ಲ ಎಂದು ಅದು ಮತ್ತೆ ಬರೆಯುತ್ತದೆ. ಇಬ್ಬರೂ ಮರ್ಯಾದಸ್ಥರು, ಯಾರೂ ಸೋಲುವವರಲ್ಲ.

ಡಿಲೀಟ್ ಮಾಡಿ ಎಂದರೆ ನನ್ನನ್ನು ಕಳ್ಳಿಯ ಹಾಗೆ ನೋಡಿದರು. ನಾನು ಹೊಲಿಗೆಯವಳು, ಬೇಡದ್ದನ್ನು ಕತ್ತರಿಸಿ ಎಸೆಯದಿದ್ದರೆ ಅಂಗಿಯಾಗುವುದಿಲ್ಲ. ಅವರಿಗೆ ಪತ್ರ ಹರಿಯುವುದು ಮಹಾಪರಾಧ. ಇಷ್ಟು ಸಾಲದೆಂಬಂತೆ, ಮೊದಲು ಬಂದದ್ದನ್ನೇ ಮೊದಲು ತೆಗೆಯಬೇಕು. ಅವರಿನ್ನೂ ಹಿಂದಿನ ವರ್ಷದ ಬೇಸಿಗೆ ರಿಯಾಯಿತಿ ಓದುತ್ತಿದ್ದಾಗ ನಿನ್ನ ಪತ್ರ ಬಂತು. “ಅವಳ ಪತ್ರ ಬಂದಿದೆ ಕಣೇ” ಎಂದು ಹಿಗ್ಗಿ, ನಿನ್ನ ಹೆಸರನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಮತ್ತೆ ಹಾಸಿಗೆ ಕಂಪನಿಗೆ ಹೋದರು. ತೆಗೆದು ಓದಿ ಎಂದು ಬಡಕೊಂಡೆ. “ನನ್ನ ಮೊಮ್ಮಗಳು ಅಂತ ಸಾಲು ಮುರಿದ್ರೆ, ಅಷ್ಟು ವರ್ಷ ಬೇರೆಯವರ ಮೊಮ್ಮಕ್ಕಳ ಪತ್ರ ಕಾಯಿಸಿದ್ದು ಯಾವ ನ್ಯಾಯ?” ಎಂದರು. ನಾನೇ ತೆಗೆಯಬಹುದಿತ್ತು. ಆದರೆ ಇನ್ನೊಬ್ಬರ ಲಕೋಟೆ ಒಡೆದವಳ ಜೊತೆ ನಿನ್ನ ತಾತ ಒಂದು ದಿನವೂ ಸಂಸಾರ ಮಾಡಲಾರರು.

ವಿಷಯ ನಾನೂ ಹೇಳಲಿಲ್ಲ. ನಿಜ ಹೇಳುತ್ತೇನೆ, ನನಗೂ ಅಳುಕಿತ್ತು. ಔಷಧಿ ಅಂಗಡಿಯವನ ಮುಂದೆ “ನಮ್ಮ ಡಾಕ್ಟರಮ್ಮ” ಎಂದು ಅವರು ಎದೆ ಉಬ್ಬಿಸಿ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ನೀನು ಬರೆದದ್ದನ್ನು ನಿನ್ನ ಮಾತಿನಲ್ಲೇ ಓದಲಿ ಎಂದು ಸುಮ್ಮನಿದ್ದೆ.

ಹೋದ ವಾರ ಗುಂಡಿ ಹಚ್ಚುತ್ತ ಕೂತಿದ್ದಾಗ ಒಂದು ಉಪಾಯ ಹೊಳೆಯಿತು. ಪಡೆಯುವವರಿಗೂ ಬೇಡ, ಕಳಿಸಿದವರಿಗೂ ವಾಪಸ್ ಹೋಗುವುದಿಲ್ಲ, ಅಂಥ ಪತ್ರವನ್ನು ನಿಮ್ಮ ಕಚೇರಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ವಾರಸುದಾರರಿಲ್ಲದ ಪತ್ರ. ಸಾಕ್ಷಿ ಇಟ್ಟುಕೊಂಡು ನಾಶ ಮಾಡೋದು” ಎಂದವರು ಅಲ್ಲೇ ಬಾಯಿ ತೆರೆದು ಕೂತರು. ಉತ್ತರ ಬರೆದರೆ ವಾಪಸ್ ಬರುವ ಜಾಹೀರಾತೆಲ್ಲ ಆ ಜಾತಿಯದೇ ಅಲ್ಲವೇ? ಅಂದಿನಿಂದ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತಾರೆ. ನಾನು ಪಕ್ಕದಲ್ಲಿ ಸಾಕ್ಷಿ. ಅವರು ಗುಂಡಿ ಒತ್ತಿ “ನಾಶ” ಎನ್ನಬೇಕು, ನಾನು “ನೋಡಿದೆ” ಎನ್ನಬೇಕು. ಒಲೆಯ ಮೇಲೆ ಹಾಲು ಉಕ್ಕಿದರೂ ಸಾಕ್ಷಿ ಏಳುವಂತಿಲ್ಲ. ಪತ್ರದ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಇನ್ನು ಕಳಿಸಬೇಡಿ’ ಎಂದಿರುತ್ತದಲ್ಲ, ಅದನ್ನೂ ಒತ್ತಿಸಿದೆ. ಅವರ ಲೆಕ್ಕದಲ್ಲಿ ಅದು ವಿಳಾಸದಾರರು ಮನೆ ಬಿಟ್ಟರು ಎಂಬ ಸೂಚನೆಯಂತೆ. ಹಾಸಿಗೆ ಕಂಪನಿಗೆ ಹಾಗೆ ತಿಳಿಸುವಾಗ ಮಾತ್ರ ಮುಖ ಸಣ್ಣಗಾಯಿತು, ಅಷ್ಟು ದಿನದ ಪರಿಚಯ ನೋಡು. ಇನ್‌ಬಾಕ್ಸಿನ ತಳ ಈಗ ಕಾಣುತ್ತಿದೆ, ನಿನ್ನ ಮುಂದೆ ಇನ್ನು ನಾಲ್ಕಾರು ಚಪ್ಪಲಿ ಜಾಹೀರಾತು ಇದ್ದರೆ ಹೆಚ್ಚು. ಅಲ್ಲಿಯವರೆಗೆ ತಾತನನ್ನು ತಪ್ಪು ತಿಳಿಯಬೇಡ, ಕಂದ.

ಚೆನ್ನಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ನೀನು ಹಿಡಿದ ದಾರಿಯಲ್ಲಿ ಎಲ್ಲ ದೀಪವೂ ಹಸಿರಾಗಿರಲಿ.

ನಿನ್ನ ಅಜ್ಜಿ
(ಸದ್ಯಕ್ಕೆ ಸರ್ಕಾರಿ ಸಾಕ್ಷಿ)

ವಿ.ಸೂ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಒಳಗಿನಿಂದ ತಾತ ಕೂಗಿದರು. ನಿನ್ನ ಸರದಿ ಬಂದಿತ್ತು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. “ನಾನು ಚೀಲ ಹತ್ತಿಸ್ತಿದ್ದ ರೈಲನ್ನ ಇನ್ಮೇಲೆ ಇವಳು ಓಡಿಸ್ತಾಳೆ ಕಣೇ” ಎಂದರು. ಔಷಧಿ ಅಂಗಡಿಯವನಿಗೆ ಹೇಳಲು ಬರಿಗಾಲಲ್ಲೇ ಓಡಿದ್ದಾರೆ. ಅವರ ಉತ್ತರಕ್ಕೆ ಕಾಯಬೇಡ. ಉತ್ತರಗಳೂ ಸಾಲಿನಲ್ಲೇ ಹೋಗಬೇಕಂತೆ, ನಿನ್ನ ಮುಂದೆ ಕನ್ನಡಕದ ಅಂಗಡಿಯವರಿದ್ದಾರೆ. ಅದಕ್ಕೆ ನಾನೇ ಹೇಳುತ್ತಿದ್ದೇನೆ: ಕೋಪ ಇಲ್ಲ. ಫೋನ್ ಎತ್ತು.